ಇಪ್ಪತ್ತೇಳು ನನ್ನದು, ಒಂದು ಅವಳದು

ಬಂತು. ಇವತ್ತು ಬೆಳಿಗ್ಗೆ ಬಂತು. ನಮ್ಮ ಮನೆಯ ಬಾವಿಯ ಬಗ್ಗೆ ಮೊಮ್ಮಗಳು ಬರೆದ ಸಂಶೋಧನಾ ಲೇಖನ ಪ್ರಕಟವಾಯಿತು. ಅದರಲ್ಲಿ ಅವಳ ಹೆಸರು ಮೊದಲಿದೆ, ಅವಳ ಗೈಡ್ ಮೇಡಂ ಹೆಸರಿದೆ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಹೆಸರಿದೆ. ಬೇಲಿಯಾಚೆಯ ಮನೆಯ ನನ್ನ ಓರಗಿತ್ತಿಯ ಹೆಸರೂ ಇದೆ. ಇದನ್ನು ಮೊದಲು ಹೇಳಿಬಿಟ್ಟೆ, ಏಕೆಂದರೆ ಹೇಳದೆ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ. ಬೆಳಗಿನಿಂದ ಗ್ಯಾಸ್ ತಂದವನಿಗೆ ಹೇಳಿದ್ದೇನೆ, ಹಾಲಿನ ಡೈರಿಯಲ್ಲಿ ಹೇಳಿದ್ದೇನೆ, ನಾವುಂದದಿಂದ ಮೀನು ಹೊತ್ತು ತರುವವಳನ್ನು ಅಂಗಳದಲ್ಲಿ ಕೂರಿಸಿ ಹೇಳಿದ್ದೇನೆ.

"ಟೀವಿಯಗ್ ಬತ್ತಾ?" ಎಂದು ಅವಳು ಕೇಳಿದಳು.

"ಟೀವಿಯಗ್ ಅಲ್ಲ ಮಾರಾಯ್ತಿ. ಇದ್ ಓದಿದವ್ರ್ ಓದುದ್."

"ಹಾಂಗಾರೆ ನಾವ್ ಕಾಂಬುದ್ ಹ್ಯಾಂಗೆ?" ಎಂದವಳು ಬುಟ್ಟಿಯಿಂದ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. ಖುಷಿಗೆ, ಅಂದಳು.

ಫೋನಿನಲ್ಲಿ ಮೊಮ್ಮಗಳು ಅದರ ಫೋಟೋ ಕಳಿಸಿದ್ದಳು. ಎಲ್ಲ ಇಂಗ್ಲಿಷ್. ಕೊನೆಯಲ್ಲಿ ಒಂದು ಸಣ್ಣ ಪ್ಯಾರಾ ಇದೆ, ಬೆರಳಿನಷ್ಟು ಅಗಲ. ಈ ಲೇಖನಕ್ಕೆ ಹೆಸರು ಹಾಕಿದ ಒಬ್ಬೊಬ್ಬರೂ ಏನೇನು ಕೆಲಸ ಮಾಡಿದರು ಎಂದು ಅದರಲ್ಲಿ ಬರೆದಿರುತ್ತದೆಯಂತೆ. ಅದನ್ನು ಮಾತ್ರ ಅವಳು ಕನ್ನಡದಲ್ಲಿ ಬೇರೆ ಬರೆದು ಕಳಿಸಿದ್ದಾಳೆ. ನನಗೆ ಇಡೀ ಲೇಖನಕ್ಕಿಂತ ಆ ಪ್ಯಾರಾವೇ ದೊಡ್ಡದು. ಅದು ಹೇಗೆ ಬರೆಸಿಕೊಂಡಿತು ಎಂಬುದನ್ನು ನನಗೆ ಬಂದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಇರುವುದು ನಾವುಂದದ ಹತ್ತಿರ, ಹೊಳೆಯ ಬದಿಗೆ. ಚಳಿ ಮುಗಿದು ಸೆಕೆ ಏರಿದ ಹಾಗೆ ಹೊಳೆಯಲ್ಲಿ ಸಮುದ್ರದ ನೀರು ಮೇಲೆ ಬರುತ್ತದೆ, ಮಣ್ಣಿನೊಳಗಿಂದ ನಮ್ಮ ಬಾವಿಗೂ ಬರುತ್ತದೆ. ಮೊದಲು ಗೊತ್ತೇ ಆಗುವುದಿಲ್ಲ. ಚಾ ಕುಡಿದರೆ ಸ್ವಲ್ಪ ಬೇರೆ ಅನ್ನಿಸುತ್ತದೆ. ಆಮೇಲೆ ಗಂಜಿಗೆ ಉಪ್ಪು ಹೆಚ್ಚಾಗುತ್ತದೆ. ಮೇ ತಿಂಗಳಿಗೆ ಬಾಯಿಗೆ ಹಾಕಲಿಕ್ಕಾಗುವುದಿಲ್ಲ, ಮೇಲಿನ ಬಾವಿಯಿಂದ ಕೊಡಪಾನದಲ್ಲಿ ತರಬೇಕು. ಮಳೆ ಬಂದು ಹೊಸ ನೀರು ಇಳಿದ ಮೇಲೆ ಮತ್ತೆ ಸಿಹಿ.

ನಾನು ಮದುವೆಯಾಗಿ ಬಂದ ಮೊದಲ ಬೇಸಗೆಯಲ್ಲಿ ಮಾವನ ಅಪ್ಪನ ತಿಥಿ ಬಂತು. ನಾನು ಎಂದಿನ ಅಳತೆಯಲ್ಲೇ ಸಾರಿಗೆ ಕಲ್ಲುಪ್ಪು ಹಾಕಿದೆ. ಬಂದವರೆಲ್ಲ ಒಂದೊಂದು ತುತ್ತು ಉಂಡು ಮಜ್ಜಿಗೆ ಕೇಳಿದರು. ಅತ್ತೆ ಬೈಯಲಿಲ್ಲ. ಅಡುಗೆಕೋಣೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, ಪೆನ್ಸಿಲ್ ತುಂಡು ಕೈಗೆ ಕೊಟ್ಟರು. "ದಿನಾ ನೀರ್ ಕುಡ್ದ್ ಕಾಣ್. ಒಂದ್ ಚಿಟಿಕೆ ಉಪ್ಪ್ ಕಮ್ಮಿ ಮಾಡ್ಕಾರೆ ಒಂದ್ ಗೀಟ್. ಎರಡ್ ಚಿಟಿಕೆಗೆ ಎರಡ್ ಗೀಟ್. ಉಪ್ಪೇ ಬ್ಯಾಡ ಅಂಬ ದಿನ ಕತ್ತರಿ ಗುರ್ತ್ ಹಾಕ್. ಹೊಸ ನೀರ್ ಬಂದ್ ದಿನ ಸೊನ್ನೆ." ಅಷ್ಟೇ ಅವರು ಕಲಿಸಿದ್ದು. ಅಂದಿನಿಂದ ಊರಿನಲ್ಲಿದ್ದ ಬೇಸಗೆಯಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ದನ ಗಬ್ಬವಾದ ದಿನ, ಎಲ್ಲದರ ಪಕ್ಕದಲ್ಲಿ ನನ್ನ ಗೀಟುಗಳೂ ಇದ್ದವು.

ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಬಿಸಾಡುವ ಹಾಗಿಲ್ಲ. ಅದರಲ್ಲಿ ದೇವರ ಚಿತ್ರವಿರುತ್ತದೆ. ಒಲೆಗೆ ಹಾಕುವ ಹಾಗೂ ಇಲ್ಲ. ಸುರುಳಿ ಸುತ್ತಿ, ಬಾಳೆನಾರು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದೆ. ಅಟ್ಟದಲ್ಲಿ ದೇವರುಗಳು ಸುರುಳಿಯಾಗಿ ಮಲಗಿದ್ದರು.

ಮೊಮ್ಮಗಳು ನನ್ನ ಮಗಳ ಮಗಳು. ಹುಟ್ಟಿದ್ದು ಬೊಂಬಾಯಿಯಲ್ಲಿ, ಅಳಿಯ ಅಲ್ಲಿನ ಹೋಟೆಲು ಬಿಟ್ಟು ಬ್ರಹ್ಮಾವರದಲ್ಲಿ ಅಂಗಡಿ ಇಟ್ಟ ಮೇಲೆ ಇಲ್ಲಿಯೇ ಬೆಳೆದಳು. ಈಗ ಯೂನಿವರ್ಸಿಟಿಯಲ್ಲಿ ಬಾವಿ ನೀರಿನ ಮೇಲೆ ಓದುತ್ತಾಳೆ. ಎರಡು ವರ್ಷದ ಹಿಂದೆ ಪೆನ್ನಿನ ಹಾಗಿನ ಒಂದು ಮೀಟರ್ ಹಿಡಿದುಕೊಂಡು ಬಂದು ನಮ್ಮ ಬಾವಿಯ ನೀರಿಗೆ ಅದ್ದಿ, ಏನೋ ನಂಬರು ಬರೆದುಕೊಂಡಳು. ನಾನು ಒಂದು ಗುಟುಕು ಕುಡಿದು, "ಒಂದೂವರೆ ಗೀಟ್" ಎಂದೆ.

"ಎಂತ ಗೀಟ್ ಅಮ್ಮಮ್ಮ?"

ಹೇಳಿದೆ. ಅವಳು ಮೀಟರನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ಅಟ್ಟ ಹತ್ತಿದಳು. ಮಾಡಿಗೆ ಹಂಚು ಹಾಕಿಸುವ ಮೊದಲಿನವೆಲ್ಲ ಮಳೆನೀರಿಗೆ ಹಾಳಾಗಿದ್ದವು, ಆಮೇಲಿನ ಮೂವತ್ತೊಂದು ಸುರುಳಿ ಇಳಿಸಿದಳು. ಮೂರನ್ನು ಗೆದ್ದಲು ತಿಂದಿತ್ತು, ಇಪ್ಪತ್ತೆಂಟು ಉಳಿದಿದ್ದವು. ಜಗಲಿಯ ತುಂಬ ಬಿಡಿಸಿ, ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ತೆಂಗಿನಕಾಯಿ ಇಟ್ಟಳು. ಆಮೇಲೆ ಅವುಗಳ ನಡುವೆ ಕೂತು ಗೀಟುಗಳ ಮೇಲೆ ಬೆರಳಾಡಿಸಿದಳು.

"ಅಮ್ಮಮ್ಮ, ಇದ್ ಎಲ್ಲ ನೀವೇ ಮಾಡಿದ್ದಾ?"

ಅವಳ ಮುಖ ಹೊಳೆಯುತ್ತಿತ್ತು. ನಾನು ಆ ಮುಖವನ್ನು ನೋಡಿಕೊಂಡು, "ಮತ್ಯಾರ್ ಮಾಡುದ್?" ಎಂದುಬಿಟ್ಟೆ.

ಆ ಬೇಸಗೆಯೆಲ್ಲ ನಾವಿಬ್ಬರೂ ಕೆಲಸ ಮಾಡಿದೆವು. ನಾನು ಮೊದಲು ಕುಡಿದು ಗೀಟು ಹೇಳುವುದು, ಅವಳು ನಂಬರನ್ನು ನನಗೆ ತೋರಿಸದೆ ಮೀಟರ್ ಅದ್ದುವುದು. ನನ್ನ ಗೀಟಿಗೂ ಅವಳ ನಂಬರಿಗೂ ಹೊಂದಾಣಿಕೆಯಾಗುತ್ತಿತ್ತು. ನಾಲಿಗೆ ಸುಳ್ಳು ಹೇಳುವುದಿಲ್ಲ ಎಂದು ಅವಳ ಮೇಡಂ ಫೋನಿನಲ್ಲಿ ಹೇಳಿದರಂತೆ. ಹಾಗಾದರೆ ಹಳೆಯ ಗೀಟುಗಳಿಂದ ಹಳೆಯ ವರ್ಷಗಳ ಉಪ್ಪನ್ನೂ ತಿಳಿಯಬಹುದು, ಯಾವ ವರ್ಷ ಎಷ್ಟು ಬೇಗ ಉಪ್ಪು ಬಂತು ಎಂದು ಹೇಳಬಹುದು. ಅಂಥ ಲೆಕ್ಕ ನಮ್ಮ ಕಡೆ ಯಾರ ಹತ್ತಿರವೂ ಇಲ್ಲವಂತೆ. ನನಗೆ ಕಾಲು ನೆಲದಲ್ಲಿರಲಿಲ್ಲ.

ಅವಳು ಲ್ಯಾಪ್‌ಟಾಪಿನಲ್ಲಿ ಎಲ್ಲ ವರ್ಷಗಳನ್ನೂ ಸಾಲಾಗಿ ನಿಲ್ಲಿಸಿ ತೋರಿಸಿದಳು. ಒಂದು ವರ್ಷ ಮಾತ್ರ, ಗದ್ದೆಯ ನಡುವೆ ತೆಂಗಿನ ಮರ ನಿಂತ ಹಾಗೆ, ಎಲ್ಲದಕ್ಕಿಂತ ಎತ್ತರಕ್ಕೆ ಎದ್ದು ನಿಂತಿತ್ತು. ಅವಳು ಹುಟ್ಟಿದ ವರ್ಷ.

"ಈ ವರ್ಷ ಎಂತಾ ಆಯ್ತ್ ಅಮ್ಮಮ್ಮ? ಮಳೆ ಲಾಯ್ಕ್ ಬಂದಿತ್ತಂಬ್ರ್. ಆದ್ರೂ ಇಷ್ಟ್ ಉಪ್ಪ್. ಹೊಳೆ ಕಟ್ಟ ಒಡ್ದಿತ್ತಾ?"

ಕಟ್ಟವೆಂದರೆ ಮಳೆಗಾಲ ಮುಗಿದ ಮೇಲೆ ಊರವರೆಲ್ಲ ಸೇರಿ, ಉಪ್ಪು ನೀರು ಒಳಗೆ ಬರದ ಹಾಗೆ ತೋಡಿಗೆ ಅಡ್ಡವಾಗಿ ಹಾಕುವ ಮಣ್ಣಿನ ಒಡ್ಡು. ಅದು ಒಡೆದರೆ ಗದ್ದೆ, ಬಾವಿ ಎಲ್ಲ ಹಾಳು.

ಆ ವರ್ಷ ಏನಾಗಿತ್ತು ಎಂದು ನನಗೆ ಗೊತ್ತಿತ್ತು. ಆ ಬೇಸಗೆ ನಾನು ಊರಿನಲ್ಲೇ ಇರಲಿಲ್ಲ. ಮಗಳ ಬಾಣಂತನಕ್ಕೆ ಬೊಂಬಾಯಿಗೆ ಹೋದವಳು ಮಳೆ ಹಿಡಿದ ಮೇಲೆ ಬಂದೆ. ಅತ್ತೆ ಆಗಲೇ ತೀರಿಕೊಂಡಿದ್ದರು. ಅಷ್ಟು ದಿನ ಗಂಡನಿಗೂ ಮಾವನಿಗೂ ಗಂಜಿ ಬೇಯಿಸಿದವಳು, ದನ ಕರೆದವಳು, ನಮ್ಮ ಬಾವಿಯ ನೀರು ಕುಡಿದು ನಮ್ಮ ಕ್ಯಾಲೆಂಡರಿಗೆ ಗೀಟು ಹಾಕಿದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅದನ್ನು ಹೇಳಬೇಕಿತ್ತು. ಆದರೆ ಅವಳಿಗೂ ನನಗೂ ಮಾತು ನಿಂತು ಎಂಟು ವರ್ಷವಾಗಿತ್ತು.

ಮಾತು ನಿಂತದ್ದು ದೊಡ್ಡ ವಿಷಯಕ್ಕಲ್ಲ. ಅವಳ ಮಗನ ನಿಶ್ಚಿತಾರ್ಥದ ಊಟದಲ್ಲಿ, ಬೀಗರ ಎದುರು, "ಸಾರಿಗೆ ಉಪ್ಪೇ ಇಲ್ಲ" ಎಂದು ನಾನು ಹೇಳಿದೆ. ನನಗೆ ಹಾಗೇ ಅನ್ನಿಸಿತ್ತು. ಅವಳು, "ಹೊಳೆ ಬದಿಯ ನಾಲ್ಗೆಗೆ ಸಮುದ್ರವೇ ಬೇಕ್" ಎಂದಳು. ನನ್ನ ತವರು ಹೊಳೆಯ ಬಾಯಿಯ ಹತ್ತಿರ. ಅವಳ ತವರು ಬಿಜೂರಿನ ಮೇಲ್ಗಡೆ, ಸಕ್ಕರೆಯಂಥ ನೀರಿನ ಬಾವಿ. ಬೀಗರು ನಕ್ಕರು. ನಾನು ಎದ್ದು ಬಂದೆ. ಅಷ್ಟೇ. ಎರಡು ಮನೆಯ ನಡುವೆ ಇದ್ದದ್ದು ಒಂದು ಬೇಲಿ, ಅದರಲ್ಲಿ ಒಂದು ದಾಟುದಾರಿ. ಮಾರನೇ ವರ್ಷ ಅದಕ್ಕೂ ದಾಸವಾಳ ನೆಟ್ಟೆವು. ಮೂರು ವರ್ಷದ ಹಿಂದೆ ಮೈದುನ ತೀರಿಕೊಂಡಾಗ ಹೋದೆ, ಕೂತೆ, ಅವಳು ನನ್ನ ಕಡೆ ನೋಡಲಿಲ್ಲ, ಬಂದೆ.

ಹಾಗಾಗಿ ಮೊಮ್ಮಗಳು ಕಟ್ಟ ಒಡೆದಿತ್ತಾ ಎಂದು ಕೇಳಿದಾಗ ನಾನು, "ಒಡ್ದಿರುಕೂ ಸಾಕ್" ಎಂದೆ. ಅವಳು ಅದನ್ನು ಬರೆದುಕೊಂಡಳು.

ಲೇಖನ ಬರೆದಾಯಿತು. ಕಳಿಸುವ ಮೊದಲು ಒಂದು ದಿನ ಸಂಜೆ ಬೈಂದೂರು ಬಸ್ಸಿನಲ್ಲಿ ಬಂದಿಳಿದು, ಕೈಕಾಲೂ ತೊಳೆಯದೆ ನನ್ನ ಎದುರು ಕೂತಳು. ನನ್ನ ಹೆಸರನ್ನು ಕೊನೆಯಲ್ಲಿ ಥ್ಯಾಂಕ್ಸ್ ಹೇಳುವ ಜಾಗದಲ್ಲಿ ಹಾಕುವುದು ಎಂದು ಮೊದಲು ಮಾತಾಗಿತ್ತಂತೆ. ಇವಳು ಒಪ್ಪಲಿಲ್ಲವಂತೆ. ಗೀಟೇ ಇಲ್ಲದಿದ್ದರೆ ಲೇಖನವೇ ಇಲ್ಲ, ಅಮ್ಮಮ್ಮನ ಹೆಸರು ಬರೆದವರ ಸಾಲಿನಲ್ಲೇ ಇರಬೇಕು ಎಂದಳಂತೆ. ಮೇಡಂ ಯೋಚನೆ ಮಾಡಿ, ಆಗಲಿ, ಆದರೆ ಹೆಸರು ಹಾಕುವವರು ಇಡೀ ಲೇಖನ ಕೇಳಿ ತಿಳಿದು ಒಪ್ಪಬೇಕು, ಯಾರು ಯಾವ ಕೆಲಸ ಮಾಡಿದರು ಎಂದು ಸ್ಪಷ್ಟ ಬರೆಯಬೇಕು, ಅದಕ್ಕೆ ಸಹಿ ಹಾಕಬೇಕು ಎಂದರಂತೆ.

ಅವಳು ಕಾಗದ ಬಿಡಿಸಿ ನಮ್ಮ ಭಾಷೆಯಲ್ಲೇ ಓದಿ ಹೇಳಿದಳು. "ಆಲೋಚ್ನೆ ಮಾಡಿದ್ದ್ ನಾನ್ ಮತ್ತೆ ಮೇಡಂ. ಮೀಟರ್ ಕೆಲ್ಸ ನಾನ್. ಲೆಕ್ಕ ಹಾಕಿದ್ದ್, ಬರ್ದದ್ದ್ ನಾನ್. ಬರ್ದದ್ದನ್ನ್ ತಿದ್ದಿದ್ದ್ ಮೇಡಂ. ಇಪ್ಪತ್ತೆಂಟ್ ವರ್ಷದ ಗುರ್ತ್ ಎಲ್ಲ ಹಾಕಿದ್ದ್ ಅಮ್ಮಮ್ಮ. ಇಲ್ ಸಹಿ ಹಾಕಿ."

ನಮ್ಮಲ್ಲಿ ಯಾವ ಕೆಲಸಕ್ಕೂ ಹೀಗೆ ಬರೆಯುವ ಕ್ರಮವಿಲ್ಲ. ಮದುವೆ ಚೆನ್ನಾಗಿ ಆದರೆ ಮನೆಯ ಯಜಮಾನ ಮಾಡಿದ ಎನ್ನುತ್ತಾರೆ. ತೆಂಗಿನಕಾಯಿ ತುರಿದವರು ಯಾರು, ಮಸಾಲೆ ಅರೆದವರು ಯಾರು, ಎಲೆ ತೆಗೆದವರು ಯಾರು, ಯಾರೂ ಕೇಳುವುದಿಲ್ಲ. ಇಲ್ಲಿ ಒಂದು ಕಾಗದ ಕೇಳುತ್ತಿತ್ತು. ಪೆನ್ನು ಹಿಡಿದೆ. ಕೈ ಮುಂದೆ ಹೋಗಲಿಲ್ಲ.

"ಇದ್ರಗ್ ಸುಳ್ಳ್ ಬರದ್ರೆ ಎಂತಾ ಆತ್ತ್ ಮಗಾ?"

"ಎಂತ ಆತಿಲ್ಲ. ಯಾರೂ ಬಂದ್ ಕಾಂತಿಲ್ಲ," ಎಂದು ನಕ್ಕಳು. ಮತ್ತೆ, "ಆದ್ರೆ ನಾಳೆ ಯಾರಾರೂ ಇದನ್ನ್ ಓದಿ, ಇದನ್ನೇ ನಂಬಿ, ಎಲ್ ಬಾವಿ ತೋಡುದ್, ಎಲ್ ಕಟ್ಟ ಹಾಕುದ್ ಅಂದ್ಹೇಳಿ ಮಾಡ್ತ್ರ್. ಅವ್ರಿಗೆ ನಾವ್ ಎದ್ರ್ ಸಿಕ್ತಿಲ್ಲ ಅಲ್ದಾ, ಕೇಳುಕೆ?" ಎಂದಳು.

ನಾನು ಪೆನ್ನು ಕೆಳಗಿಟ್ಟೆ. "ನೀ ಹುಟ್ಟಿದ್ ವರ್ಷ ನಾ ಎಲ್ಲಿದ್ದೆ?" ಎಂದು ಕೇಳಿದೆ.

ಅವಳು ಬುದ್ಧಿವಂತೆ. ಎರಡು ನಿಮಿಷದಲ್ಲಿ ಅವಳ ಮುಖದ ಬಣ್ಣ ಬದಲಾಯಿತು. ನಾನು ಎಲ್ಲ ಹೇಳಿದೆ, ಕಟ್ಟದ ವಿಷಯವನ್ನೂ. ಅವಳು ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಸುಲಭವಾಗುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿ, "ಹಾಂಗಾರೆ ಅದ್ ಬ್ಯಾರೆ ನಾಲ್ಗೆ" ಎಂದಳು. ನಮ್ಮಿಬ್ಬರ ನಾಲಿಗೆ ಒಂದೇ ಅಲ್ಲದಿದ್ದರೆ ಆ ವರ್ಷದ ಗೀಟನ್ನು ನನ್ನ ಗೀಟಿನ ಜೊತೆ ಸೇರಿಸುವ ಹಾಗಿಲ್ಲ. ತೆಗೆದುಹಾಕಿದರೆ ಸಾಲು ನಡುವೆ ತುಂಡಾಗುತ್ತದೆ. ತುಂಡಾದ ಸಾಲನ್ನು ಆ ಪತ್ರಿಕೆಯವರು ತಿರುಗಿಸಿ ಕಳಿಸಬಹುದು. ಸಾಲು ಉಳಿಯಬೇಕಾದರೆ ಓರಗಿತ್ತಿ ಬರಬೇಕು, ಅವಳ ನಾಲಿಗೆಯನ್ನೂ ಅಳೆಯಬೇಕು, ಅವಳು ತನ್ನ ಕೆಲಸ ತನ್ನದೆಂದು ಒಪ್ಪಿ ಸಹಿ ಹಾಕಬೇಕು. ಅವಳ ಅಷ್ಟೂ ದುಡಿಮೆ ಬೇಲಿಯಾಚೆ ಹೋಗಿ ಕೂತಿತು.

"ಸಣ್ಣಮ್ಮಮ್ಮನ್ ಹತ್ರ ನಾ ಹೋಯಿ ಕೇಂತೆ," ಎಂದಳು ಮೊಮ್ಮಗಳು.

"ಬ್ಯಾಡ. ಸುಳ್ಳ್ ಹೇಳಿದ್ದ್ ನಾನ್."

ದಾಸವಾಳದ ನಡುವೆ ದಾರಿ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನುಗ್ಗಿದೆ. ಓರಗಿತ್ತಿ ಅವಳ ಜಗಲಿಯಲ್ಲಿ ಗುಡಿಸುವ ಹಿಡಿಸೂಡಿಗೆ ತೆಂಗಿನ ಗರಿಯ ಕಡ್ಡಿ ಕೀಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಬೆಕ್ಕಿಗೆ ಹೇಳಿದಳು: "ಯಾರೋ ದಾರಿ ತಪ್ಪಿ ಬಂದಿದ್ರ್ ಕಾಣ್."

"ತಪ್ಪಿದ್ದೇ. ತಪ್ಪ್ ಹೇಳುಕೇ ಬಂದದ್ದ್," ಎಂದು ನಾನು ಮೆಟ್ಟಿಲ ಮೇಲೆ ಕೂತೆ. ಕೂರು ಎಂದು ಅವಳು ಹೇಳಲಿಲ್ಲ, ಏಳು ಎಂದೂ ಹೇಳಲಿಲ್ಲ. ನಾನು ಹೇಳುತ್ತ ಹೋದೆ. ಅಟ್ಟದ ಕ್ಯಾಲೆಂಡರ್, ಗೀಟು, ಮೊಮ್ಮಗಳ ಓದು. ಅವಳ ಕತ್ತಿ ನಿಲ್ಲಲಿಲ್ಲ. ಕಟ್ಟ ಒಡೆದಿರಬಹುದು ಎಂದು ಬರೆಸಿದೆ ಎಂದಾಗ ನಿಂತಿತು.

"ಯಾವ್ ವರ್ಷದ್ ಕಟ್ಟ?"

"ಅವ್ಳ್ ಹುಟ್ಟಿದ್ ವರ್ಷದ್."

"ಆ ವರ್ಷ ಕಟ್ಟ ಹಾಕ್ಸಿದ್ದ್ ಯಾರಂದ್ಹೇಳಿ ನಿಮ್ಗ್ ನೆನಪಿತ್ತಾ?"

ಆಗ ನೆನಪಾಯಿತು. ಅವಳ ಗಂಡ. ನನ್ನ ಮೈದುನ. ಆ ವರ್ಷ ಊರವರನ್ನು ಕೂಡಿಸುವ ಸರದಿ ಅವನದಾಗಿತ್ತು. ನಾನು ಬೊಂಬಾಯಿಗೆ ಹೊರಡುವ ಮೊದಲು, ಸೊಂಟದವರೆಗೆ ಕೆಸರು ಮಾಡಿಕೊಂಡು ಬಂದು ನಮ್ಮ ಅಂಗಳದಲ್ಲೇ ನಿಂತು ಚಾ ಕುಡಿದಿದ್ದ.

"ಒಡಿಲಿಲ್ಲ," ಎಂದಳು. ಈಗ ನನ್ನನ್ನೇ ನೋಡುತ್ತಿದ್ದಳು. "ಒಂದ್ ಹಿಡಿ ಮಣ್ಣ್ ಸೈತ ಜಾರ್ಲಿಲ್ಲ. ದಿನಾ ಬೆಳಿಗ್ಗೆ ಹೋಯಿ ಕಂಡ್ಕಂಡ್ ಬತ್ತಿದ್ರ್. ನಿಮ್ಗ್ ನನ್ ಹೆಸ್ರ್ ಹೇಳುಕ್ ಆತಿಲ್ಲ ಅಂದ್ಹೇಳಿ, ಸತ್ತವ್ರ್ ಕಟ್ಟ ಒಡ್ದ್ರ್ಯಾ?"

ಅಷ್ಟು ದಿನ ನಾನು ಮುಚ್ಚಿಟ್ಟದ್ದು ಒಂದು ಸಣ್ಣ ಸಂಗತಿ ಎಂದುಕೊಂಡಿದ್ದೆ, ಇಪ್ಪತ್ತೆಂಟರಲ್ಲಿ ಒಂದು. ಅದರೊಳಗೆ ಇಷ್ಟು ಇತ್ತೆಂದು ಗೊತ್ತಿರಲಿಲ್ಲ.

"ನಾಳಿಗೆ ಬತ್ತೆ," ಎಂದಳು ಕಡೆಗೆ, ಮತ್ತೆ ಕಡ್ಡಿ ಕೀಸುತ್ತ. "ನಿಮ್ಗಾಯಿ ಅಲ್ಲ. ಆ ಕಟ್ಟದ್ ಮಾತ್ ತೆಗ್ಸುಕೆ. ಮತ್ತೆ ಆ ಹೆಣ್ಣ್ ಹುಟ್ಟಿದ್ ಸುದ್ದಿ ಬಂದ್ ದಿನ ಆ ಕ್ಯಾಲೆಂಡರ್‌ಗೆ ಕುಂಕುಮ ಹಚ್ಚಿದ್ದೂ ನಾನೇ. ಅದನ್ನೂ ನಿಮ್ದ್ ಅಂದ್ರ್ಯಾ?"

ಮನೆಗೆ ಬಂದು ಆ ವರ್ಷದ ಸುರುಳಿ ಬಿಡಿಸಿ ನೋಡಿದೆ. ಒಂದು ಚೌಕದ ಮೂಲೆಯಲ್ಲಿ ಮಾಸಿದ ಕೆಂಪು. ನಾನು ಅದನ್ನು ಎಣ್ಣೆ ಕಲೆ ಎಂದುಕೊಂಡಿದ್ದೆ.

ಮಾರನೇ ದಿನ ಓರಗಿತ್ತಿ ಬಂದಳು, ರಸ್ತೆಯ ಕಡೆಯಿಂದ ಸುತ್ತಿ, ತೊಳೆದ ಸೀರೆ ಉಟ್ಟುಕೊಂಡು. ಮೊಮ್ಮಗಳು ಜಗಲಿಯಲ್ಲಿ ಏಳು ಸ್ಟೀಲ್ ಲೋಟ ಇಟ್ಟಿದ್ದಳು. ಎಲ್ಲದರಲ್ಲೂ ಒಂದೇ ಸಿಹಿ ನೀರು, ಉಪ್ಪು ಮಾತ್ರ ಸಣ್ಣ ತಕ್ಕಡಿಯಲ್ಲಿ ತೂಗಿ ಬೇರೆ ಬೇರೆ ಅಳತೆ. ಯಾವುದರಲ್ಲಿ ಎಷ್ಟು ಎಂದು ಅವಳಿಗೆ ಮಾತ್ರ ಗೊತ್ತು. ನಾವಿಬ್ಬರೂ ಒಂದೊಂದು ಗುಟುಕು ಕುಡಿದು, ಗೀಟೆಷ್ಟು ಎಂದು ಅವಳ ಕಿವಿಯಲ್ಲಿ ಹೇಳಬೇಕು. ನನ್ನ ಗಂಡ ಆರಾಮಕುರ್ಚಿ ಎಳೆದುಕೊಂಡು ಎದುರಿಗೇ ಕೂತರು, ಆಟ ನೋಡಲು ಬಂದವರ ಹಾಗೆ.

ಓರಗಿತ್ತಿ ನನ್ನ ಹತ್ತಿರ ನೇರ ಮಾತಾಡಲಿಲ್ಲ. "ಅವ್ರಿಗ್ ಬಾಯಿ ಮುಕ್ಕಳ್ಸುಕ್ ಹೇಳ್ ಮಗಾ. ಎಲಿ ಅಡಿಕಿ ಹಾಕಿದ್ ಬಾಯಗೆ ಎಂತಾ ತಿಳಿತ್ತ್?"

"ಎಲಿ ಬಿಟ್ಟ್ ಆರ್ ವರ್ಷ ಆಯ್ತ್ ಅಂದ್ಹೇಳಿ ಅವ್ಳಿಗ್ ಹೇಳ್," ಎಂದೆ.

"ಇಬ್ರೂ ನನ್ನ್ ಟಪಾಲಿನವ್ಳ್ ಮಾಡ್ಬೇಡಿ," ಎಂದಳು ಮೊಮ್ಮಗಳು.

ಎರಡನೇ ಲೋಟಕ್ಕೆ ನಾನು ಏನೂ ಇಲ್ಲ ಎಂದೆ. ಓರಗಿತ್ತಿ ಒಂದು ಗೀಟು ಎಂದಿದ್ದಳಂತೆ. ನಾಲ್ಕನೆಯದಕ್ಕೆ ನಾನು ಒಂದು, ಅವಳು ಎರಡು. ಆರನೆಯದಕ್ಕೆ ನಾನು ಎರಡು ಎಂದರೆ ಅವಳು ಕತ್ತರಿ ಗುರುತು ಎಂದು ಅಂಗಳಕ್ಕೆ ಉಗಿದಳು. ಮೊಮ್ಮಗಳು ಲೋಟಗಳ ಜಾಗ ಬದಲಿಸಿ ಮತ್ತೆ ಕುಡಿಸಿದಳು. ಮೂರು ದಿನ ಹೀಗೇ ಆಯಿತು. ಮೂರು ದಿನವೂ ಅದೇ. ಅವಳ ಎರಡು ಗೀಟೆಂದರೆ ನನ್ನದೊಂದು.

ಮೊಮ್ಮಗಳು ಆ ಲೆಕ್ಕ ಹಾಕಿ ಆ ವರ್ಷವನ್ನು ತಿದ್ದಿದಳು. ಗದ್ದೆಯ ನಡುವಿನ ತೆಂಗಿನ ಮರ ಕೆಳಗಿಳಿದು ಉಳಿದ ಪೈರಿನ ಸಾಲಿಗೆ ಬಂದು ನಿಂತಿತು. ನಾನು ಕಣ್ಣಾರೆ ಕಂಡೆ. ಆ ವರ್ಷ ಉಪ್ಪು ಹೆಚ್ಚು ಬಂದಿರಲಿಲ್ಲ. ಕಟ್ಟ ಗಟ್ಟಿಯಾಗಿತ್ತು.

"ಅಮ್ಮಮ್ಮ, ನಿಮ್ ನಾಲ್ಗೆ ಸ್ವಲ್ಪ ದಪ್ಪ," ಎಂದಳು ಮೊಮ್ಮಗಳು.

"ಅದ್ ನಂಗೆ ಮದಿ ಆದ್ ವರ್ಷವೇ ಗೊತ್ತಿತ್ತ್," ಎಂದಳು ಓರಗಿತ್ತಿ. ಮತ್ತೆ, ಲೋಟ ಕೆಳಗಿಡುತ್ತ, ನನ್ನ ಕಡೆ ತಿರುಗದೆ, "ಹಾಂಗಾರೆ ನಿಶ್ಚಿತಾರ್ಥದ್ ದಿನ ನಿಮ್ಗ್ ಉಪ್ಪ್ ಸಿಕ್ಕ್ಲಿಲ್ಲ ಅಂಬುದ್ ಹೌದೇ ಅಕ್ಕ," ಎಂದಳು.

ಎಂಟು ವರ್ಷದ ಮೇಲೆ ಅಕ್ಕ ಎಂದಳು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತೆ.

ಜಗಲಿಯಿಂದ ನನ್ನ ಗಂಡ ಕೇಳುವುದು ಕೇಳಿಸಿತು: "ಹ್ವಾಯ್, ಇವ್ರಿಬ್ರದ್ದೂ ಉಪ್ಪ್ ಇಷ್ಟ್ ವರ್ಷ ಉಂಡವ ನಾನ್. ನನ್ ಹೆಸ್ರ್ ಎಲ್ಲಿತ್ತ್?"

"ಉಂಡದ್ದ್ ಕೆಲ್ಸ ಅಲ್ಲ ಅಜ್ಜ," ಎಂದಳು ಮೊಮ್ಮಗಳು.

"ಇವ್ಳ್ ಗಂಜಿ ನೀ ಉಂಡಿದ್ಯಾ? ಕೆಲ್ಸವೇ ಅದ್."

ಆಮೇಲೆ ನಾಲ್ಕು ಸಂಜೆ ಮೊಮ್ಮಗಳು ಇಡೀ ಲೇಖನವನ್ನು ನಮ್ಮ ಭಾಷೆಯಲ್ಲಿ ಓದಿ ಹೇಳಿದಳು. ನಾನು ಅರ್ಧ ಕೇಳಿ ತಲೆಯಾಡಿಸುತ್ತಿದ್ದೆ. ಓರಗಿತ್ತಿ ಬಿಡಲಿಲ್ಲ. ಸೊನ್ನೆ ಹಾಕಿದ ದಿನ ಮೊದಲ ಮಳೆ ಬಂತು ಎಂದು ಬರೆದದ್ದು ಕೇಳಿ, "ತಪ್ಪ್. ಸುರುವಿನ್ ಮಳಿಗೆ ಬಾವಿ ಸಿಹಿ ಆತಿಲ್ಲ. ಸುಮಾರ್ ದಿನ ಹೊಯ್ದ್, ಹೊಸ ನೀರ್ ಇಳ್ದ್ ಮೇಲೆ ಸೊನ್ನೆ," ಎಂದಳು. ಅದು ನನಗೂ ಗೊತ್ತಿತ್ತು, ಹೇಳಬೇಕೆಂದು ತಲೆಗೆ ಹೋಗಲಿಲ್ಲ. ಮೊಮ್ಮಗಳು ತಿದ್ದಿದಳು. ಮೇಡಂ ಫೋನಿನಲ್ಲಿ, ಈ ಅಜ್ಜಿ ನಮ್ಮ ವಿಭಾಗದ ಅರ್ಧ ಜನಕ್ಕಿಂತ ಚೆನ್ನಾಗಿ ಓದುತ್ತಾರೆ ಎಂದರಂತೆ. ಓರಗಿತ್ತಿ ಅಕ್ಷರ ಕಲಿತದ್ದು ನನಗಿಂತಲೂ ಕಡಿಮೆ.

ಕಡೆಯ ಸಂಜೆ ಕಾಗದ ಮತ್ತೆ ಬಂತು. ಈಗ ಅದರಲ್ಲಿ ಇಪ್ಪತ್ತೇಳು ವರ್ಷದ ಗುರುತು ನನ್ನದು, ಒಂದು ವರ್ಷದ ಗುರುತು ಅವಳದು ಎಂದಿತ್ತು. ನಾಲಿಗೆಯ ಪರೀಕ್ಷೆಗೆ ನಾವಿಬ್ಬರೂ ಎಂದಿತ್ತು. ಬರಹದಲ್ಲಿ ತಪ್ಪು ಕಂಡುಹಿಡಿದು ತಿದ್ದಿಸಿದ್ದು ಅವಳು ಎಂದಿತ್ತು. ಅದನ್ನೂ ಒಂದು ಕೆಲಸ ಎಂದು ಬರೆಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನನ್ನದು ಒಂದು ಕಡಿಮೆಯಾಯಿತು ಎಂದು ಬೇಸರವಾಗಬಹುದೆಂದುಕೊಂಡಿದ್ದೆ. ಆಗಲಿಲ್ಲ. ಹೊತ್ತ ಕೊಡಪಾನ ಇಳಿಸಿದ ಹಾಗಾಯಿತು. ನಾನು ಸಹಿ ಹಾಕಿದೆ. ಅವಳು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದಳು.

"ಕಟ್ಟದ್ ಮಾತ್ ತೆಗದ್ಯಾ?" ಎಂದು ಕೇಳಿದಳು.

"ತೆಗ್ದೆ ಸಣ್ಣಮ್ಮಮ್ಮ. ಆ ವರ್ಷ ಕಟ್ಟ ಗಟ್ಟಿ ಇತ್ತ್ ಅಂದ್ಹೇಳಿ ಬರ್ದಿದೆ."

ಅವಳು ಆ ಸಾಲು ಎಲ್ಲಿದೆ ಎಂದು ಕೇಳಿ, ಇಂಗ್ಲಿಷ್ ಅಕ್ಷರಗಳ ಮೇಲೆ ಒಂದು ಸಲ ಬೆರಳು ಇಟ್ಟಳು.

ಅದಾಗಿ ಪತ್ರಿಕೆಯವರು ಎರಡು ಸಲ ಪ್ರಶ್ನೆ ಕೇಳಿದರು, ಮೊಮ್ಮಗಳು ಎರಡು ಸಲ ಉತ್ತರ ಬರೆದಳು. ಒಂದು ಮಳೆಗಾಲ ಕಳೆಯಿತು. ನಡುವೆ ಓರಗಿತ್ತಿ ಬೇಲಿಯ ಆಚೆಯಿಂದ, "ಎಂತ ಆಯ್ತಂಬ್ರ್?" ಎಂದು ಕೇಳುವುದು, ನಾನು "ಇನ್ನೂ ಇಲ್ಲ" ಎನ್ನುವುದು. ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ದಾಸವಾಳದ ನಡುವೆ ಎರಡು ಗಿಡವನ್ನು ಯಾರೋ ಕಡಿದಿದ್ದರು. ನಾನು ಕಡಿದದ್ದು ಒಂದನ್ನು ಮಾತ್ರ.

ಇವತ್ತು ಸುದ್ದಿ ಬಂದ ಕೂಡಲೇ ನಾನು ಆ ದಾರಿಯಲ್ಲೇ ಹೋದೆ. "ಬಂತ್ ಹೆಣೆ. ಸಂಜಿ ಬೈಸಾರಿಗೆ ಎಲ್ಲ ಇಲ್ಲೇ ಉಂಬುದ್. ನೀನೂ, ಮಗ ಸೊಸೆ ಮಕ್ಳೂ." ನಿಶ್ಚಿತಾರ್ಥದ ದಿನದಿಂದ ಅವಳು ನಮ್ಮ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ನೀರು ಕುಡಿದದ್ದಿದೆ, ಅದು ಲೋಟದ ಪರೀಕ್ಷೆಗೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ಸಾರ್ ಯಾರ್ ಮಾಡುದ್?" ಎಂದಳು.

"ಮಸಾಲಿ ನಂದ್. ಉಪ್ಪ್ ನಿಂದ್."

ಸಂಜೆಯೊಳಗೆ ಬ್ರಹ್ಮಾವರದಿಂದ ಮಗಳು ಅಳಿಯ ಬಂದರು. ಬೈಂದೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಮಗ ಬೇಗ ಬಾಗಿಲು ಮುಚ್ಚಿ ಬಂದ. ಮೊಮ್ಮಗಳು ಬಸ್ಸಿಳಿದು ಬರುವಾಗ ದಾರಿಯಲ್ಲಿ ಸಿಕ್ಕಿದವರೆಲ್ಲ ಅವಳನ್ನು ನಿಲ್ಲಿಸಿ ಬಾವಿಯ ವಿಷಯ ಕೇಳಿದರಂತೆ. "ಅಮ್ಮಮ್ಮ, ನೀವ್ ಯಾರನ್ನೂ ಬಿಡ್ಲಿಲ್ಯಾ?" ಎಂದಳು. ಬಿಟ್ಟಿಲ್ಲ ಎಂದೆ. ಸೊಸೆ ಅಕ್ಕಿ, ಕಾಯಿಹಾಲು, ಬೆಲ್ಲ ಹಾಕಿ ಹಾಲುಬಾಯಿ ಕಾಸಿ ತಟ್ಟೆಗೆ ಸುರಿದು ಆರಲಿಕ್ಕೆ ಇಟ್ಟಳು. ಓರಗಿತ್ತಿ ಅಡುಗೆಕೋಣೆಗೆ ಬಂದು ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದಳು, ಕೊಡಪಾನದ ನೀರು ಒಂದು ಗುಟುಕು ಕುಡಿದಳು, ಆಮೇಲೆ ಬಂಗುಡೆ ಸಾರಿಗೆ ಕಲ್ಲುಪ್ಪು ಹಾಕಿದಳು. ನನ್ನ ಕಣ್ಣಿಗೆ ಅದು ಕಡಿಮೆಯೇ. ನಾನು ಪಾತ್ರೆಯ ಮುಚ್ಚಳ ಮುಚ್ಚಿದೆ.

ಊಟದ ಕೋಣೆಯಲ್ಲಿ ಜಾಗ ಸಾಲದೆ ಜಗಲಿಯಲ್ಲೇ ಎಲೆ ಹಾಕಿದೆವು, ಎರಡು ಸಾಲು. ಗಂಡ ಮೊದಲ ತುತ್ತು ಬಾಯಿಗಿಟ್ಟು, ಎಲ್ಲರೂ ಕೇಳುವ ಹಾಗೆ, "ಇವತ್ತ್ ಎಷ್ಟ್ ಗೀಟ್?" ಎಂದರು. ಮಕ್ಕಳು ನಕ್ಕು ನಕ್ಕು ಗಂಟಲಿಗೆ ಸಿಕ್ಕಿಸಿಕೊಂಡರು. ಮೊಮ್ಮಗಳು ಫೋನ್ ತೆಗೆದು ಆ ಪ್ಯಾರಾವನ್ನು ಇನ್ನೊಮ್ಮೆ ಓದಿದಳು. ಮೈದುನ ಹಾಕಿಸಿದ ಕಟ್ಟದ ಸಾಲನ್ನೂ ಓದಿದಳು. ಓರಗಿತ್ತಿಯ ಮಗ ಉಣ್ಣುವುದನ್ನು ನಿಲ್ಲಿಸಿ ಕೇಳಿದ, ಆಮೇಲೆ ಮತ್ತೆ ಅನ್ನ ಕೇಳಿದ.

ನಾನು ಎಲೆಯ ತುದಿಯಲ್ಲಿ ಬಡಿಸಿದ್ದ ಉಪ್ಪಿನಿಂದ ಒಂದು ಚಿಟಿಕೆ ತೆಗೆದು ಸಾರಿನನ್ನಕ್ಕೆ ಕಲಸಿಕೊಂಡೆ. ಪಕ್ಕದ ಎಲೆಯಲ್ಲಿದ್ದ ಓರಗಿತ್ತಿ ಅದನ್ನು ಕಂಡಳು. ತನ್ನ ಎಲೆಯ ಉಪ್ಪನ್ನೂ ಎರಡು ಬೆರಳಲ್ಲಿ ನನ್ನ ಕಡೆ ಸರಿಸಿ, ಮೀನಿನ ತುಂಡಿನ ಮುಳ್ಳು ಬಿಡಿಸುತ್ತ ಉಣ್ಣತೊಡಗಿದಳು.